ಒಂದು ಕಾರ್ಡಿನಷ್ಟು ಸಂದು

ಸೋನಾಲಿಯ ಬಲಗೈಯನ್ನು ಮೊಳಕೈಗೆ ಮಡಿಸಿ, ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನ ತನಕ ಕಾಂತಾಬಾಯಿ ನೂಲು ಎಳೆದಳು. ಅಲ್ಲಿಗೆ ಒಂದು ಗಂಟು ಹಾಕಿ ಉಳಿದದ್ದನ್ನು ಹಲ್ಲಿನಿಂದ ಕಡಿದಳು. ಅದೇ ನೂಲನ್ನು ಕ್ಲಬ್ಬಿನ ಬಂದೂಕಿನ ಹಿಂಬದಿಯಿಂದ ಬೆರಳು ಒತ್ತುವ ಕುದುರೆಯ ತನಕ ಹಿಡಿದು ನೋಡಿದರೆ ಬಂದೂಕೇ ಎರಡು ಬೆರಳು ಉದ್ದ ಬಂತು.

“ಇದು ನಿಂದಲ್ಲ ಯವ್ವಾ. ಯಾವನೋ ಆರಡಿ ಗಂಡಸಿಂದು. ನಿನಗ ಗಂಡನ ಅಂಗಿ ತೊಡಿಸಿ ಸಾಲಿಗಿ ಕಳಿಸ್ಯಾರ ನೋಡು.”

“ನನಗೆಲ್ಲಿ ಗಂಡ ಬಂದ ಆಯಿ!” ಅಂತ ಸೋನಾಲಿ ನಕ್ಕಳು.

“ಅದಕ್ಕ ಕೇಳ್ತೇನಿ. ಇಲ್ಲದ ಗಂಡನ ಅಂಗಿ ಯಾಕ ತೊಡ್ತಿ?”

ಬಂದೂಕಿನ ಕಟ್ಟಿಗೆಯ ಭಾಗಕ್ಕೆ, ಅಂದರೆ ಭುಜಕ್ಕೆ ಊರಿ ಗಲ್ಲ ಆನಿಸುವ ಭಾಗಕ್ಕೆ, ಬೀದರ ಕಡೆ ಕುಂದಾ ಅನ್ನುತ್ತಾರೆ. ಕುಂದಾ ಉದ್ದವಾದರೆ ಹಿಡಿದವರು ಹಿಂದಕ್ಕೆ ಬಾಗಬೇಕು, ಕುತ್ತಿಗೆಯನ್ನು ಮಾತ್ರ ಕೊಕ್ಕರೆಯಂತೆ ಮುಂದಕ್ಕೆ ಚಾಚಬೇಕು. ಗಲ್ಲ ಒಮ್ಮೆ ಮೇಲೆ ಕೂಡುತ್ತದೆ, ಒಮ್ಮೆ ಕೆಳಗೆ. ಗಲ್ಲ ಕೂತಲ್ಲಿ ಕಣ್ಣು, ಕಣ್ಣು ಹೋದಲ್ಲಿ ಗುಂಡು. ಸೋನಾಲಿ ಅರವತ್ತು ಗುಂಡಿನ ಆಟದಲ್ಲಿ ಮೊದಲ ನಲವತ್ತನ್ನು ಹೂ ಇಟ್ಟಂತೆ ಇಡುತ್ತಿದ್ದಳು. ಆಮೇಲೆ ಭುಜ ನಡುಗಿ, ಕುತ್ತಿಗೆ ಹಿಡಿದು, ಕಣ್ಣಲ್ಲಿ ನೀರು ತುಂಬಿ, ಉಳಿದ ಇಪ್ಪತ್ತು ದಿಕ್ಕಿಗೊಂದು ಹೋಗುತ್ತಿದ್ದವು.

ಹುಡುಗಿ ಔರಾದ ತಾಲೂಕಿನ ಡಾಬಕಾದವಳು. ಮನೆಯಲ್ಲಿ ಕುರಿ, ಹೊಲದಲ್ಲಿ ತೊಗರಿ. ಚಿಕ್ಕವಳಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಹೊಡೆಯುತ್ತಿದ್ದಳಂತೆ. ಈಗ ಬೀದರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತ, ಸಂಜೆಗೆ ಶಹಾಗಂಜ ನಿಶಾನಿ ಕ್ಲಬ್ಬಿನಲ್ಲಿ ಗಾಳಿ ಬಂದೂಕು ಹಿಡಿಯುತ್ತಿದ್ದಳು. ಲೈಸೆನ್ಸ್ ಬೇಡದ, ಕಡಲೆಕಾಳಿಗಿಂತ ಸಣ್ಣ ಛರ್ರಾ ಹಾಕಿ ಹೊಡೆಯುವ ಬಂದೂಕು. ದಸರೆ ಮುಗಿದ ಮೂರನೇ ದಿನ ಅದೇ ಕ್ಲಬ್ಬಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಅವಳನ್ನು ಭಾಲ್ಕಿಗೆ ಕಾಂತಾಬಾಯಿಯ ಹತ್ತಿರ ಕಳಿಸಿದವರು ಕ್ಲಬ್ಬಿನ ಸೆಕ್ರೆಟರಿ ಓಂಪ್ರಕಾಶ ಸಾಹುಕಾರರು. ಕುಂದಾ ಚೆನ್ನಾಗಿ ಕೂತರೆ ಕ್ಲಬ್ಬಿನ ಉಳಿದ ಹನ್ನೆರಡು ಬಂದೂಕಿಗೂ ಇವಳ ಕೈಯಲ್ಲೇ ಮಾಡಿಸುವುದು, ಮಾಡಿದವಳ ಹೆಸರನ್ನು ಕ್ಲಬ್ಬಿನ ಬೋರ್ಡಿನ ಮೇಲೆ ಬರೆಸುವುದು ಅಂತ ಫೋನಿನಲ್ಲಿ ತಾವೇ ಹೇಳಿದ್ದರು.

ಹೆಸರಿನ ಮಾತು ಕೇಳಿ ಕಾಂತಾಬಾಯಿ ಆ ದಿನ ಎರಡು ಸಲ ಚಹಾಕ್ಕೆ ಸಕ್ಕರೆ ಹಾಕಿದ್ದಳು.

ಅವಳ ಗಂಡ ಜ್ಞಾನೇಶ್ವರ ಭಾಲ್ಕಿಯ ಬಡಿಗ. ಬೀದರದ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಬಂದೂಕು ರಿಪೇರಿ ಮಾಡುವ ಮುರ್ತುಜಾ ಚಾಚಾನ ಕೈಕೆಳಗೆ ಕುಂದಾ ಕೆತ್ತುವುದನ್ನು ಕಲಿತು ಬಂದಿದ್ದ. ಕಲಿತ ಎರಡೇ ವರ್ಷಕ್ಕೆ ಅವನ ಬಲಗೈಯ ಎರಡು ಬೆರಳು ಗರಗಸಕ್ಕೆ ಹೋದವು. ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಆ ಮನೆಯಿಂದ ಹೊರಬಿದ್ದ ಪ್ರತಿ ಕುಂದಾವನ್ನು ಹಿಂದಿನ ಕೋಣೆಯಲ್ಲಿ ಕೂತು ಕೆತ್ತಿದವಳು ಕಾಂತಾಬಾಯಿ. ಗಂಡ ಬಾಗಿಲಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಕೆಲಸ ಮುಗಿದ ಮೇಲೆ ಕಾಯಿಸಿದ ಮೊಳೆಯಿಂದ ಹಿಂಬದಿಗೆ ‘ಜ್ಞಾ’ ಅಂತ ಸುಡುತ್ತಿದ್ದ. ಓಣಿಯವರು ಅವಳು ಒಳಗೆ ರೊಟ್ಟಿ ಬಡಿಯುತ್ತಾಳೆ ಅಂತಲೇ ತಿಳಿದಿದ್ದರು. ಗಂಡ ತೀರಿ ಮೂರು ವರ್ಷವಾಗಿತ್ತು. ಕಾರೀಗಾರ ಹೋದ ಅಂತ ಗಿರಾಕಿಗಳೂ ನಿಂತರು. ಮಂಚದ ಕಾಲು, ಕಿಟಕಿಯ ಚಿಲಕ, ಮಣೆ, ಇಷ್ಟೇ ಉಳಿದಿತ್ತು. ಸಾಹುಕಾರರು ಕೇಳಲು ಹೋದಾಗ ಮುರ್ತುಜಾ ಚಾಚಾ ಅಂದನಂತೆ: “ಭಾಲ್ಕಿಗಿ ಹೋಗ್ರಿ. ಕಾರೀಗಾರ ಇನ್ನಾ ಜೀವಂತ ಅದಾಳ.”

ಭಾಲ್ಕಿಯಲ್ಲಿ ಹಳೆಯ ವಾಡೆಯೊಂದನ್ನು ಕೆಡವಿದಾಗ ಗಂಡ ತಂದು ಅಟ್ಟಕ್ಕೆ ಹಾಕಿದ್ದ ಶೀಶಮ್ ಚೌಕಟ್ಟು ಇತ್ತು. ಅದನ್ನು ಇಳಿಸಿದಳು. ಉಳಿ ಮುಟ್ಟಿಸಿದರೆ ಗಂಟೆಯಂತೆ ಸದ್ದು ಕೊಡುವಷ್ಟು ಒಣಗಿದ ಕಟ್ಟಿಗೆ. ಗಲ್ಲದ ಎತ್ತರ ತಿಳಿಯಲು ಜೋಳದ ಹಿಟ್ಟು ನಾದಿ, ಹಳೆಯ ಕುಂದಾದ ಮೇಲೆ ಮೆತ್ತಿ, ಸೋನಾಲಿಗೆ ಗಲ್ಲ ಇಡಿಸಿದಳು.

“ಕಣ್ಣ ಮುಚ್ಚು. ಬಂದೂಕ ಭುಜಕ್ಕ ಹಚ್ಚು. ಗಲ್ಲ ಇಡು. ಈಗ ಕಣ್ಣ ತಗಿ. ಏನ್ ಕಾಣ್ತದ?”

“ಗುರಿ ನೋಡೋ ಕಿಂಡ್ಯಾಗಿಂದ ಮ್ಯಾಲಿನ ಪತ್ರಾಸ ತಗಡು ಕಾಣ್ತದ್ರಿ.”

“ಅಂದ್ರ ಗಲ್ಲ ಕೆಳಗ ಅದ. ಹಿಟ್ಟು ಇನ್ನೊಂದು ಚೂರು.”

“ಆಯಿ, ನನ್ನ ಗಲ್ಲಕ್ಕ ರೊಟ್ಟಿ ಹತ್ತಿತು.”

“ಹತ್ಲಿ. ಸಂಜಿಗಿ ಅದನ್ನೇ ಬಡದು ನಿನಗ ತಿನ್ನಸ್ತೇನಿ.”

ಹದಿನೆಂಟು ದಿನ ಹಿಡಿಯಿತು. ಭುಜಕ್ಕೆ ಕೂಡುವ ಭಾಗವನ್ನು ಹುಡುಗಿಯ ಎಲುಬಿನ ಹಳ್ಳಕ್ಕೆ ಸರಿಯಾಗಿ ಬಾಗಿಸಿದಳು. ಮುಂದಿನ ಭಾರ ಇಳಿಸಲು ಎಡಗೈ ಹಿಡಿಯುವಲ್ಲಿ ಒಳಗಿನಿಂದ ತೆಳ್ಳಗೆ ಮಾಡಿದಳು. ಕೊನೆಗೆ ಉಳಿದದ್ದು ನಳಿಗೆ ಕೂಡುವ ಕಾಲುವೆ.

ಇಲ್ಲೊಂದು ಮಾತು ಹೇಳಬೇಕು. ನಳಿಗೆ ಕಟ್ಟಿಗೆಯ ಕಾಲುವೆಯಲ್ಲಿ ಮಲಗಿದ್ದರೂ ಎಲ್ಲೂ ಕಟ್ಟಿಗೆಗೆ ತಾಗಬಾರದು. ತಾಗಿದರೆ ಗುಂಡು ಸರಿಯುತ್ತದೆ. ಮುರ್ತುಜಾ ಚಾಚಾ ಯಾವ ಬಂದೂಕು ಕೈಗೆ ಬಂದರೂ ಮೊದಲು ಒಂದು ಪೋಸ್ಟ್‌ಕಾರ್ಡನ್ನು ನಳಿಗೆಯ ಕೆಳಗೆ ಸೇರಿಸಿ ತುದಿಯಿಂದ ಬುಡದ ತನಕ ಓಡಿಸುತ್ತಿದ್ದ. ಕಾರ್ಡು ಓಡಿದರೆ ಸರಿ, ಇಲ್ಲದಿದ್ದರೆ ವಾಪಸು. ಇಪ್ಪತ್ತೆರಡು ವರ್ಷ ಕಾಂತಾಬಾಯಿಯೂ ಕಾರ್ಡಿನಷ್ಟೇ ಸಂದು ಬಿಟ್ಟಿದ್ದಳು. ಆದರೆ ಕಾರ್ಡಿನಷ್ಟು ಸಂದು ಕಣ್ಣಿಗೆ ಕಾಣುತ್ತದೆ. ಕೆಲಸ ಸಡಿಲಾದಂತೆ ತೋರುತ್ತದೆ. ಈ ಸಲ ಹೆಸರು ತನ್ನದು. ನೋಡಿದವರು ಬೆರಳು ಕಚ್ಚಬೇಕು ಅನ್ನಿಸಿತು. ಒಂದು ತೆಳು ಹಾಳೆ ಮಾತ್ರ ಓಡುವಷ್ಟು ಸಂದು ಬಿಟ್ಟು ಉಳಿಯನ್ನು ಕೆಳಗಿಟ್ಟಳು.

“ಕಟ್ಟಿಗಿ ಒಳಗಿಂದನೇ ನಳಿಗಿ ಹುಟ್ಟಿದಂಗ ಕಾಣ್ತದಲ್ಲ ಆಯಿ!” ಅಂತ ಸೋನಾಲಿ ಅಂದಾಗ ಕಾಂತಾಬಾಯಿ ಒಲೆಯ ಕಡೆ ಹೋದಳು. ಮೊಳೆ ಕಾಯಿಸಿ ತಂದು, ಕುಂದಾದ ಹಿಂಬದಿಗೆ ‘ಕಾಂ’ ಅಂತ ಸುಟ್ಟಳು. ಸೊನ್ನೆ ಸ್ವಲ್ಪ ಸೊಟ್ಟ ಬಂತು.

ಅದು ದಸರೆಯ ಅಷ್ಟಮಿ. ಕೊನೆಯ ಸಲ ಕೂಡಿಸಿ ನೋಡಲು ಅಂತ ಸಾಹುಕಾರರು ಬಂದೂಕನ್ನು ಹುಡುಗಿಯ ಕೈಗೆ ಬಾಯಿಮಾತಿನ ಮೇಲೆ ಕೊಟ್ಟಿದ್ದರು. ಭಾಲ್ಕಿಗೆ ಒಯ್ದು ತಂದು ಆಯ್ಕೆಯ ತನಕ ಹಾಸ್ಟೆಲಿನಲ್ಲೇ ಇಡಬೇಕು, ಬುಕ್ಕಿನಲ್ಲಿ ಬರೆಯುವುದು ಬೇಡ ಅಂತ. ಕಾಂತಾಬಾಯಿ ಬಂದೂಕನ್ನು ಹಳೆಯ ಶಾಲಿನಲ್ಲಿ ಸುತ್ತಿ ಕೊಟ್ಟಳು.

“ಬಿಸಲಾಗ ಇಡಬ್ಯಾಡ. ಎಂಟು ದಿನಕ್ಕೊಮ್ಮಿ ಅಗಸಿ ಎಣ್ಣಿ, ಮೂರೇ ಹನಿ, ಅಂಗೈಲೆ ತಿಕ್ಕು. ತಿಳೀತಾ?”

“ತಿಳೀತ್ರಿ. ಗೆದ್ದು ಬಂದು ನಿಮ್ಮ ಕಾಲ ಬೀಳ್ತೇನಿ.”

ನೀರು ತಾಗಿಸಬೇಡ ಅಂತ ಅವಳು ಹೇಳಲಿಲ್ಲ. ಬಡಿಗರ ಮನೆಯಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಖಂಡೆಪೂಜೆ, ಅಂದರೆ ಆಯುಧಪೂಜೆಯ ದಿನವೂ ಉಳಿ, ರಂದಾ, ಗರಗಸಕ್ಕೆ ಎಣ್ಣೆ ಒರೆಸಿ, ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ, ಅಷ್ಟೇ.

ಆಯ್ಕೆಯ ದಿನ ಕಾಂತಾಬಾಯಿ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಮೊದಲ ಬಸ್ಸಿಗೆ ಬೀದರಕ್ಕೆ ಹೋದಳು. ಕ್ಲಬ್ಬು ಅಂದರೆ ತಗಡಿನ ಮಾಡಿನ ಉದ್ದನೆಯ ಕೋಣೆ. ಈ ತುದಿಯಲ್ಲಿ ಹೊಡೆಯುವವರು, ಹತ್ತು ಮೀಟರಿನಾಚೆ ಕಾಗದದ ಗುರಿ, ನಡುವೆ ಗುರಿಯನ್ನು ಎಳೆದು ತರುವ ಹಗ್ಗ. ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂಡುವಷ್ಟರಲ್ಲಿ ಕೆಂಪು ಪಟಕಾ ಸುತ್ತಿದ, ಹಣೆಗೆ ಭಂಡಾರ ಬಡಿದುಕೊಂಡ ಒಬ್ಬ ಮನುಷ್ಯ ಬಂದು ಕೈಯಲ್ಲಿ ಬನ್ನಿ ಎಲೆ ಇಟ್ಟು ಕಾಲು ಮುಟ್ಟಿದ.

“ಆಯಿ, ನಾ ಮಾಣಿಕ. ಸೋನಾಲಿ ಅಪ್ಪ. ಡಾಬಕಾದಿಂದ ಬಂದೀನ್ರಿ. ಬಂದೂಕಿನ ಕಟ್ಟಿಗಿ ನೀವೇ ಮಾಡಿದ್ದಂತಲ್ಲ? ನಾ ಕೈಯಾಗ ಹಿಡದು ನೋಡೀನಿ. ಕುರಿಮರಿ ಹೊಟ್ಟಿ ಸವರಿದಂಗ ಆತ್ರಿ.”

ಇಷ್ಟು ವರ್ಷದಲ್ಲಿ ಅವಳ ಕೆಲಸಕ್ಕೆ ಎದುರಿಗೇ ಹೀಗೆ ಯಾರೂ ಅಂದಿರಲಿಲ್ಲ. ಕುರಿ ಕಾಯುವವನ ಬಾಯಲ್ಲಿ ಬಂತಲ್ಲ ಅಂತ ಅವಳಿಗೆ ಖುಷಿಯಾಯಿತು. ಹಾಸ್ಟೆಲಿನಲ್ಲಿರಬೇಕಾದ ಬಂದೂಕನ್ನು ಇವನು ಎಲ್ಲಿ ಹಿಡಿದು ನೋಡಿದ ಅಂತ ಕೇಳುವುದು ಆ ಖುಷಿಯಲ್ಲಿ ಹೊಳೆಯಲೇ ಇಲ್ಲ.

ಗಂಟೆ ಬಾರಿಸಿದರು. ಲೆಕ್ಕಕ್ಕಿಲ್ಲದ ಮೊದಲ ಗುಂಡುಗಳು ಎಡಕ್ಕೆ ಬಿದ್ದವು. ಸೋನಾಲಿ ಗುರಿ ನೋಡುವ ಕಿಂಡಿಯ ಸಣ್ಣ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಂಡಳು. ಆಮೇಲೆ ಇಪ್ಪತ್ತು ಗುಂಡು ನಡುವಿನ ಚುಕ್ಕೆಯನ್ನೇ ತಿಂದವು. ಕಾಂತಾಬಾಯಿ ಗುರಿ ನೋಡುತ್ತಿರಲಿಲ್ಲ, ಹುಡುಗಿಯ ಬೆನ್ನು ನೋಡುತ್ತಿದ್ದಳು. ಕುತ್ತಿಗೆ ನೆಟ್ಟಗಿತ್ತು. ಭುಜ ಕೆಳಗಿತ್ತು. ಕುಂದಾ ಎತ್ತಿದ ಪ್ರತಿ ಸಲವೂ ಗಲ್ಲ ತಡಕಾಡದೆ, ತೊಟ್ಟಿಲಿಗೆ ಕೂಸು ಹಾಕಿದ ಹಾಗೆ, ತನ್ನ ಜಾಗಕ್ಕೆ ಬಂದು ಕೂಡುತ್ತಿತ್ತು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಒಬ್ಬರ ಮೈಯಲ್ಲಿ ಹೇಗೆ ಕೂಡುತ್ತದೆ ಅಂತ ಅವಳು ನೋಡಿದ್ದು ಅದೇ ಮೊದಲು. ಒಳಕೋಣೆಯವಳಿಗೆ ಅದನ್ನು ತೋರಿಸುವವರಾದರೂ ಯಾರಿದ್ದರು?

ಮೂವತ್ತನೇ ಗುಂಡಿಗೆ ಚುಕ್ಕೆ ಬಲಕ್ಕೆ ಸರಿಯಿತು. ಸೋನಾಲಿ ಸ್ಕ್ರೂ ತಿರುಗಿಸಿದಳು. ನಾಲ್ಕು ಗುಂಡು ಸರಿ ಬಿದ್ದು, ಮತ್ತೆ ಬಲಕ್ಕೆ. ಮತ್ತೆ ತಿರುಗಿಸಿದಳು. ತಗಡು ಕಾದಿತ್ತು, ಫ್ಯಾನಿನ ಬಿಸಿಗಾಳಿ ನೇರ ಅವಳ ಕಡೆಗೇ ಬೀಸುತ್ತಿತ್ತು. ಗುಂಡುಗಳು ಒಂದರ ಪಕ್ಕ ಒಂದು ಅಂಟಿಕೊಂಡೇ ಬೀಳುತ್ತಿದ್ದವು. ಆದರೆ ಗುಂಪೇ ಜಾಗ ಬಿಟ್ಟು ಹೋಗುತ್ತಿತ್ತು. ಹೊಡೆಯುವವರ ತಪ್ಪಾದರೆ ಗುಂಡು ಚದರುತ್ತವೆ. ಗುಂಪು ಸರಿಯುವುದೆಂದರೆ ಬಂದೂಕಿನೊಳಗೆ ಏನೋ ನಡೆಯುತ್ತಿದೆ. ಕಾಂತಾಬಾಯಿಯ ಅಂಗೈ ಬೆವೆತು ಬನ್ನಿ ಎಲೆ ಅಂಟಿಕೊಂಡಿತು.

ಅರವತ್ತು ಮುಗಿದಾಗ ಆರುನೂರಕ್ಕೆ ಐದುನೂರಾ ಐವತ್ತೊಂದು. ಆಯ್ಕೆಗೆ ಬೇಕಾದದ್ದು ಐದುನೂರಾ ಅರವತ್ತೈದು.

ಓಂಪ್ರಕಾಶ ಸಾಹುಕಾರರು ಗುರಿಯ ಕಾಗದಗಳನ್ನು ಇಸ್ಪೀಟಿನ ಎಲೆಯಂತೆ ಮೇಜಿನ ಮೇಲೆ ಹರವಿದರು. ಸುತ್ತ ಕ್ಲಬ್ಬಿನ ಹತ್ತು ಹನ್ನೆರಡು ಮಂದಿ.

“ಕಾಂತಾಬಾಯಿ, ಹಸಿ ಕಟ್ಟಿಗಿ ಹಾಕೀರೇನ್ರಿ?”

“ಸಾಹುಕಾರ್ರಿ, ಆ ಚೌಕಟ್ಟು ನಮ್ಮತ್ತಿ ಹುಟ್ಟೋಕಿಂತ ಮೊದಲಿಂದು. ಅದು ಹಸಿ ಅಂದ್ರ ನಾ ಇನ್ನಾ ಕೂಸು.”

ಒಬ್ಬಿಬ್ಬರು ನಕ್ಕರು. ಸಾಹುಕಾರರು ನಗಲಿಲ್ಲ. “ಹಂಗಾದ್ರ ಗುಂಡ್ಯಾಕ ಸರದಾವ?”

ಕಾಂತಾಬಾಯಿ ಹುಡುಗಿಯ ಕಡೆ ತಿರುಗಿದಳು. “ಇದಕ್ಕ ನೀರೇನರ ತಾಕಿತ್ತೇನವ್ವಾ?”

ಸೋನಾಲಿ ಉಗುರು ನೋಡಿಕೊಂಡಳು. ಕ್ಲಬ್ಬಿನ ಬಂದೂಕು ಊರಿಗೆ ಒಯ್ದವರನ್ನು ತೆಗೆದು ಹಾಕುವ ನಿಯಮ ಅವಳ ತಲೆಯ ಮೇಲಿನ ಗೋಡೆಗೇ ಬರೆದಿತ್ತು. “ಇಲ್ರಿ. ಹಾಸ್ಟೆಲಿನ್ಯಾಗೇ ಇತ್ತು. ಕಟ್ಟಿಗೀನೇ ಹಸಿ ಇದ್ದಿರಬೇಕು.”

ಆಯಿ ಅನ್ನುವ ಮಾತು ಈ ಸಲ ಬರಲಿಲ್ಲ.

“ಒಂದು ಪೇಚಕಸ ಕೊಡ್ರಿ” ಅಂದಳು ಕಾಂತಾಬಾಯಿ. ಕೊಟ್ಟರು. ಎರಡು ಸ್ಕ್ರೂ ಬಿಚ್ಚಿ ನಳಿಗೆಯನ್ನು ಮೇಲೆತ್ತಿದಳು. ಕಾಲುವೆಯ ಬಲಗೋಡೆ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಕಟ್ಟಿಗೆ ಉಬ್ಬಿ ನಳಿಗೆಗೆ ತಾಗಿದ ಗುರುತು ಅದು. ಬುಡದಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಒಣಗಿದ ಕೆಸರು. ಕೆಸರಿನಲ್ಲಿ ಒಂದು ಗೋಧಿಕಾಳು, ಅದರಿಂದ ಹೊರಟ ಬೆರಳುದ್ದದ ಹಳದಿ ಮೊಳಕೆ, ನಳಿಗೆಯ ಕೆಳಗೆ ಸಿಕ್ಕು ಚಪ್ಪಟೆಯಾಗಿತ್ತು.

ಯಾರಿಗೂ ಏನೂ ಹೊಳೆಯುವ ಮೊದಲೇ ಹಿಂದಿನಿಂದ ಮಾಣಿಕ ನುಗ್ಗಿ ಬಂದ. ಮುಖ ಅರಳಿತ್ತು.

“ಹಾಂ! ಅದು ನಮ್ಮ ಘಟ್ಟದ್ದು ರಿ! ನಾನೇ ಇಟ್ಟಿದ್ದು. ಖಂಡಿಪೂಜಿ ದಿನ ಮಗಳು ಆಯುಧ ಮನಿಗಿ ತಂದಾಳಂದ್ರ ಸುಮ್ಮ ಬಿಡ್ತೀವೇನ್ರಿ? ಐದು ಬಿಂದಗಿ ನೀರು ಹಾಕೀನಿ, ಮ್ಯಾಲ ಕುರಿ ಹಾಲು. ಮಡಿ ಅರಬಿ ಸುತ್ತಿ, ದೇವರ ಮುಂದ ಘಟ್ಟದ ಮಣ್ಣಿನ ಮ್ಯಾಲೇ ಮಲಗಸೀನಿ. ಎರಡು ದಿನ ಅವ್ವನ ಮಡಲಾಗ ಇತ್ತು ನೋಡ್ರಿ!”

ನವರಾತ್ರಿಯಲ್ಲಿ ದೇವರ ಮುಂದೆ ಹಸಿ ಮಣ್ಣು ಹರವಿ, ಕಾಳು ಬಿತ್ತಿ, ದಿನವೂ ನೀರು ಚಿಮುಕಿಸಿ ಬೆಳೆಸುವ ಸಸಿಯ ಹಾಸು ಅದು. ಎರಡು ದಿನ ಎರಡು ರಾತ್ರಿ ಕುಂದಾ ಆ ಒದ್ದೆ ಮಣ್ಣಿನ ಮೇಲೆ ಮಲಗಿತ್ತು. ಕುಡಿದ ನೀರನ್ನೆಲ್ಲ ಈ ದಿನ ಕಾದ ತಗಡಿನ ಕೆಳಗೆ, ಒಂದೊಂದು ಗುಂಡಿಗೂ ಒಂದಿಷ್ಟು ಬಿಡುತ್ತ, ನಳಿಗೆಯನ್ನು ಅತ್ತಿತ್ತ ತಳ್ಳಿತ್ತು.

ಮಾಣಿಕ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಮಗಳ ಮುಖ ನೋಡಿದ. ಪಟಕಾ ತೆಗೆದು ಕೈಯಲ್ಲಿ ಹಿಡಿದ.

“ಏನಾತ್ರಿ? ಏನರ ತಪ್ಪಾತೇನ್ರಿ ನಂದು?”

ಸತ್ಯ ತಾನಾಗಿಯೇ ಎದ್ದು ಬಂದು ಮೇಜಿನ ಮೇಲೆ ಕೂತಿತ್ತು. ಇನ್ನು ತಾನು ಮಾತಾಡುವುದೇ ಬೇಡ ಅಂದುಕೊಂಡಳು ಕಾಂತಾಬಾಯಿ. ಸೆರಗಿನಿಂದ ಕೈ ಒರೆಸಿಕೊಂಡು ಸಾಹುಕಾರರ ಕಡೆ ನೋಡಿದಳು.

ಸಾಹುಕಾರರು ಮೊಳಕೆಯನ್ನು ಎರಡು ಬೆರಳಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಅದನ್ನು ಮಾಣಿಕನ ಅಂಗೈಯಲ್ಲಿ ಇಟ್ಟರು. “ನಿಂದೇನ ತಪ್ಪಪ್ಪಾ? ದೇವರ ಕೆಲಸ ಮಾಡೀದಿ.” ಆಮೇಲೆ ಇವಳ ಕಡೆ ತಿರುಗಿ, “ಅಲ್ರಿ ಬಾಯಿ, ದೇವರ ನೀರಿಗಿ ಕೆಡೋ ಕಟ್ಟಿಗಿ ಅದ್ಯಾತರ ಕಟ್ಟಿಗಿ?” ಅಂದರು.

ಸುತ್ತ ನಿಂತವರು ತಲೆದೂಗಿದರು. ಹೌದಲ್ಲ, ಯಾರ ಮನೆಯಲ್ಲಿ ಪೂಜೆ ಮಾಡುವುದಿಲ್ಲ? ಕಾರು ತೊಳೆಯುತ್ತೇವೆ, ಟ್ರ್ಯಾಕ್ಟರ್ ತೊಳೆಯುತ್ತೇವೆ, ಅವೇನು ಕೆಟ್ಟು ಹೋದವೇ?

“ಕಾರು ಕಬ್ಬಿಣದ್ದು ರಿ. ಕಟ್ಟಿಗಿ ನೀರು ಕುಡೀತದ. ಹರೇದ ಕಟ್ಟಿಗಿ ಆದ್ರೂ ಕುಡೀತದ, ಮುದಿ ಕಟ್ಟಿಗಿ ಆದ್ರೂ ಕುಡೀತದ.”

“ಅಂದ್ರ ಪೂಜಿ ಮಾಡಿದ್ದೇ ತಪ್ಪಂತೀರೇನು?”

ತಪ್ಪು ಅಂದರೆ ದೇವರ ಮೇಲೆ ಮಾತಾಡಿದವಳು. ಅಲ್ಲ ಅಂದರೆ ಕಟ್ಟಿಗೆಯದೇ ತಪ್ಪು. ಪಟಕಾ ಹಿಡಿದು ನಿಂತ ಮಾಣಿಕನನ್ನು ನೋಡಿ ಅವಳು ಪೇಚಕಸವನ್ನು ಮೇಜಿನ ಮೇಲೆ ಇಟ್ಟಳು.

ಸಾಹುಕಾರರು ಕ್ಲಬ್ಬಿನ ಬುಕ್ಕು ತರಿಸಿ ಬರೆದರು. ಬಂದೂಕು ಡಾಬಕಾಕ್ಕೆ ಹೋಗಿತ್ತು ಅಂತ ಬರೆದರೆ ಅದನ್ನು ಬುಕ್ಕಿಲ್ಲದೆ ಕೊಟ್ಟವರು ಯಾರು ಅಂತ ಬರೆಯಬೇಕಾಗುತ್ತಿತ್ತು. ಆದ್ದರಿಂದ ಒಂದೇ ಸಾಲು ಬರೆದು ಎಲ್ಲರಿಗೂ ಕೇಳುವಂತೆ ಓದಿದರು: ಭಾಲ್ಕಿಯಲ್ಲಿ ಮಾಡಿಸಿದ ಕುಂದಾದ ಕಟ್ಟಿಗೆ ಹಸಿ ಇದ್ದ ಕಾರಣ ಗುಂಡು ಸರಿದವು. ಸೋನಾಲಿ ಸಹಿ ಮಾಡಿದಳು. ಅವಳ ಅಕ್ಷರ ದುಂಡಗಿತ್ತು. ಬಂದೂಕಿಗೆ ಹಳೆಯ ಕುಂದಾ ತೊಡಿಸಿ, ಇವಳದನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಹನ್ನೆರಡು ಕುಂದಾದ ಮಾತು ಅವರೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಚೌಬಾರಾದ ಹಿಂದಿನ ಗಲ್ಲಿಗೆ ಹೋದಳು. ಮುರ್ತುಜಾ ಚಾಚಾನ ಕಣ್ಣಿಗೆ ಪೊರೆ ಬಂದಿತ್ತು, ಅಂಗಡಿಯಲ್ಲಿ ಈಗ ಬೀಗ, ಕೀಲಿಕೈ ಮಾತ್ರ. ನಡೆದದ್ದೆಲ್ಲ ಕೇಳಿ ಅವನು ಕುಂದಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಓದಿದ. ಭುಜದ ಬಾಗು, ಗಲ್ಲದ ಏರು. “ವಾಹ್” ಅಂದ. ಕಾಲುವೆಗೆ ಬಂದಾಗ ಬೆರಳು ನಿಂತಿತು. ಮೂಲೆಯಲ್ಲಿದ್ದ ಹಳೆಯ ನಳಿಗೆಯೊಂದನ್ನು ಅದರಲ್ಲಿ ಮಲಗಿಸಿ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹಳದಿಯಾದ ಪೋಸ್ಟ್‌ಕಾರ್ಡು ತೆಗೆದು ಸಂದಿಗೆ ಹಿಡಿದ. ಮೂಲೆ ಮಡಚಿಕೊಂಡಿತು, ಒಳಗೆ ಹೋಗಲಿಲ್ಲ.

“ಬೇಟಿ, ಕಾರ್ಡ್ ಎಲ್ಲಿ ಓಡ್ತದ ಇದರಾಗ?”

“ಉಬ್ಬ್ಯಾದಲ್ಲ ಚಾಚಾ.”

“ಉಬ್ಬೋಕಿಂತ ಮೊದಲು ಓಡ್ತಿತ್ತಾ?”

ಅವಳು ಕಾರ್ಡಿನ ಮಡಚಿದ ಮೂಲೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು. “ಹಾಳಿ ಓಡ್ತಿತ್ತು” ಅಂದಳು.

“ಹಾಳಿ ಯಾರು ಹೇಳಿದ್ರು ನಿನಗ? ಕಾರ್ಡಿನ ಸಂದು ಬಿಟ್ಟಿದ್ರ ಆ ಮನಷ್ಯಾ ಐದಲ್ಲ, ಹತ್ತು ಬಿಂದಗಿ ಹಾಕ್ಲಿ, ಉಬ್ಬಿದ್ರೂ ನಳಿಗಿಗಿ ತಾಕ್ತಿರ್ಲಿಲ್ಲ. ಸಂದು ಯಾತಕ್ಕ ಬಿಡ್ತೀವಿ? ಮಂದಿ ತಪ್ಪು ಮಾಡ್ತಾರಂತನೇ ಬಿಡ್ತೀವಿ.”

“ಹೆಸರು ನಂದಿತ್ತಲ್ಲ ಚಾಚಾ. ಚಂದ ಕಾಣಲಿ ಅಂತ...”

ಚಾಚಾ ಕುಂದಾದ ಹಿಂಬದಿ ಸವರಿ ‘ಕಾಂ’ ಮುಟ್ಟಿ ನೋಡಿದ. ಅದನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಕೊಡುತ್ತ ಅಂದ: “ಇದನ್ನ ಹೊರಗ ಹೇಳಬ್ಯಾಡ. ಅವರು ಹೇಳಿದ ಸುಳ್ಳಿಗಿ ನೀ ಯಾಕ ಪುರಾವಾ ಕೊಡ್ತಿ?”

ಬಸ್ಸಿನಲ್ಲಿ ಬುತ್ತಿ ಬಿಚ್ಚಿದಳು. ರೊಟ್ಟಿ ಒಣಗಿ ಬಿರುಸಾಗಿದ್ದವು. ಖಟಕ ಚಿಂಚೋಳಿಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೂತು, ಪೇಪರಿನಲ್ಲೇನು ಅಂತ ಕೇಳಿದಳು. “ಕಟ್ಟಿಗಿ” ಅಂದಳು ಕಾಂತಾಬಾಯಿ. “ಒಲಿಗೇನು?” ಅಂತ ಅವಳು ಕೇಳಿದ್ದಕ್ಕೆ ಕಾಂತಾಬಾಯಿ ಪೇಪರಿನ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮನೆಯಲ್ಲಿ ಕುಂದಾವನ್ನು ನೆರಳಲ್ಲಿ ಒಣಗಿಸಿದಳು. ಹದಿನೈದು ದಿನಕ್ಕೆ ಉಬ್ಬು ಇಳಿಯಿತು. ನಳಿಗೆಯಷ್ಟು ದಪ್ಪದ ಕಬ್ಬಿಣದ ಪೈಪು ತಂದು ಕಾಲುವೆಯಲ್ಲಿ ಮಲಗಿಸಿ, ಕಾರ್ಡು ಓಡುವ ತನಕ ಕೆರೆದಳು. ಒಳಗೆಲ್ಲ ಮೂರು ಸಲ ಎಣ್ಣೆ ಕುಡಿಸಿದಳು. ಯಾರೂ ಹೇಳಿರಲಿಲ್ಲ. ತಪ್ಪು ಗೊತ್ತಾದ ಮೇಲೆ ಹಾಗೇ ಬಿಡಲು ಕೈ ಒಪ್ಪಲಿಲ್ಲ. ಪೈಪಿನ ಸಮೇತ ಗೋಡೆಯ ಮೊಳೆಗೆ ನೇತು ಹಾಕಿದಳು. ಅಷ್ಟರಲ್ಲಿ ಸುದ್ದಿ ಭಾಲ್ಕಿಗೂ ಬಂದಿತ್ತು. ಕಿಟಕಿ ಮಾಡಿಸಬೇಕಾಗಿದ್ದ ಎದುರು ಮನೆಯವರು, “ನಿಮ್ಮಲ್ಲಿ ಒಣಗಿದ ಕಟ್ಟಿಗಿ ಸಿಗ್ತದೇನ್ರಿ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಕಡೆ ಹೋದರು.

ದೀಪಾವಳಿ ಮುಗಿದ ವಾರಕ್ಕೆ, ಮಧ್ಯಾಹ್ನ, ಸೋನಾಲಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಾಳೆಹಣ್ಣು.

“ಒಳಗ ಬರ್ಲ್ಯಾ ಆಯಿ?”

“ಬಾಗಲಾ ತೆರದೇ ಅದ.”

ನೀರು ಕೊಟ್ಟಳು. ಹುಡುಗಿ ಕುಡಿದು ಲೋಟ ತಿರುಗಿಸುತ್ತ ಕೂತಳು. “ಬೆಂಗಳೂರಿಗಿ ಸಾಹುಕಾರ್ರು ಚಿಟ್ಟಿ ಬರದಿದ್ರು. ಕುಂದಾ ಮಾಡಿದವರ ತಪ್ಪಿನಿಂದ ಹುಡುಗಿಗಿ ಅನ್ಯಾಯ ಆಗ್ಯಾದಂತ. ಬುಕ್ಕಿನ ಹಾಳೀನೂ ಕಳಿಸಿದ್ರು. ಇನ್ನೊಂದು ಸಲ ಹೊಡೀಲಕ್ಕ ಬಿಟ್ಟಾರ. ಬರೋ ಐತವಾರ.”

“ಚಲೋ ಆತು.”

“ಹಳೀ ಕುಂದಾದಾಗ ನನ್ನ ಕೈಲಿ ಆಗವಲ್ದು. ನಲವತ್ತರ ಮ್ಯಾಲ ಮತ್ತ ಅದೇ. ಕುತ್ತಿಗಿ ಹಿಡೀತದ, ಕಣ್ಣಾಗ ನೀರು ಬರ್ತಾವ.” ಗೋಡೆ ನೋಡಿದಳು. “ಅದನ್ನ ಕೊಡ್ರಿ ಆಯಿ.”

“ಅದು ಹಸಿ ಕಟ್ಟಿಗೀದಲ್ಲ?”

ಸೋನಾಲಿ ತಲೆ ಎತ್ತಲಿಲ್ಲ. ಆದರೆ ಯೋಚಿಸಿಕೊಂಡೇ ಬಂದಿದ್ದಳು. “ಕರಿ ಬಣ್ಣ ಹಚ್ಚಿದ್ರ ಯಾರಿಗೂ ಗುರ್ತು ಸಿಗಂಗಿಲ್ಲ. ಹೈದ್ರಾಬಾದಿನ್ಯಾಗ ತೊಗೊಂಡೀನಿ ಅಂತೇನಿ. ಹಿಂದಿನ ಆ ಅಕ್ಷರ ಅಷ್ಟ ಕೆತ್ತಿ ತಗೀರಿ.”

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಕಾಂತಾಬಾಯಿ ಎದ್ದು ಹೋಗಿ ಇಳಿಸಿ ಬಂದಳು.

“ಬುಕ್ಕಿನ್ಯಾಗ ಬರದದ್ದು ಹೊಡದು ಹಾಕಸು. ಕಟ್ಟಿಗಿ ಒಣಗಿತ್ತು, ನೀರು ನಾವು ಹಾಕಿದ್ವಿ ಅಂತ ಬರಿ. ಬರದು ಬಂದು ತೊಗೊಂಡು ಹೋಗು.”

“ಅದನ್ನ ಹೊಡದು ಹಾಕಿದ್ರ ಈ ಅವಕಾಶ ಎಲ್ಲಿ ಉಳೀತದ ಆಯಿ? ಅದರ ಮ್ಯಾಲೇ ಕೊಟ್ಟಾರಲ್ಲ.”

ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಕುಂದಾ ಕೆಟ್ಟದ್ದು ಅಂತ ಸಹಿ ಮಾಡಿದ್ದಕ್ಕೇ ಅವಕಾಶ ಸಿಕ್ಕಿತ್ತು. ಆ ಅವಕಾಶ ಗೆಲ್ಲಲು ಇದೇ ಕುಂದಾ ಬೇಕಾಗಿತ್ತು. ಕಾಂತಾಬಾಯಿಗೆ ನಗು ಬರುವ ಹಾಗಾಯಿತು, ಬರಲಿಲ್ಲ. ಮೊಳೆಯಿಂದ ಕುಂದಾ ಇಳಿಸಿ ಸೋನಾಲಿಯ ಕೈಗೆ ಕೊಟ್ಟಳು.

“ಹಿಡಿ. ಕಣ್ಣ ಮುಚ್ಚು. ಹಚ್ಚು. ಗಲ್ಲ ಇಡು. ಈಗ ತಗಿ.”

ಹುಡುಗಿ ಕಣ್ಣು ತೆರೆದಳು. ಪೈಪಿನ ಮೇಲಿನಿಂದ ನೋಟ ನೇರ ಹೋಗಿ ಅಂಗಳದ ಬೇವಿನ ಮರದ ಒಂದೇ ಎಲೆಯ ಮೇಲೆ ನಿಂತಿತು. ಭುಜ ಇಳಿಯಿತು. ಕುತ್ತಿಗೆಯ ಗಂಟು ಬಿಚ್ಚಿತು. ಒಂದು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಂತೆ ಉದ್ದಕ್ಕೆ ಉಸಿರು ಬಿಟ್ಟಳು. ಹಾಗೇ ನಿಂತಳು. ತೋರುಬೆರಳು ಇಲ್ಲದ ಕುದುರೆಯ ಮೇಲೆ ಮೆಲ್ಲಗೆ ಮಡಚಿತು. ಕಣ್ಣಿನಿಂದ ನೀರು ಇಳಿದು ಕಟ್ಟಿಗೆಯ ಮೇಲೆ ಬೀಳುವ ಹೊತ್ತಿಗೆ ಕಾಂತಾಬಾಯಿ ಕೆಳಗೆ ಅಂಗೈ ಕೊಟ್ಟು ಕುಂದಾವನ್ನು ಅವಳ ಭುಜದಿಂದ ಇಳಿಸಿಕೊಂಡಳು.

“ಹೇಳು. ಹಸಿ ಅದನೋ ಒಣಗ್ಯಾದನೋ?”

“ಒಣಗ್ಯಾದ ಆಯಿ.”

“ಹಾಂ. ಒಬ್ಬರ ಬಾಯಾಗ ಇಷ್ಟು ಕೇಳಬೇಕಿತ್ತು ನನಗ.” ಕುಂದಾವನ್ನು ಮೊಳೆಗೆ ಹಾಕಿದಳು. “ನಾಲ್ಕರ ಬಸ್ಸು ಅದ. ಹೋಗು.”

“ಆಯಿ, ನಮ್ಮಪ್ಪ ಅಂದಿನಿಂದ ದೇವರ ಕಟ್ಟಿ ಮುಂದ ಕೂಡವಲ್ಲ...”

“ನಿಮ್ಮಪ್ಪಂದೇನೂ ತಪ್ಪಿಲ್ಲಂತ ಹೇಳು. ಸಾಹುಕಾರ್ರೇ ಹೇಳ್ಯಾರಲ್ಲ.”

ಸೋನಾಲಿ ಬಾಳೆಹಣ್ಣು ಹೊಸ್ತಿಲ ಮೇಲೆ ಇಟ್ಟು ಹೋದಳು. ಅವಳು ಓಣಿಯ ತಿರುವು ದಾಟುವ ತನಕ ಕಾಂತಾಬಾಯಿ ಬಾಗಿಲಲ್ಲೇ ಇದ್ದಳು. ಕರೆಯಬಹುದಾಗಿತ್ತು. ಕರೆದರೆ ಹಾಳೆ, ಕಾರ್ಡಿನ ಮಾತನ್ನೂ ಹೇಳಬೇಕಾಗುತ್ತಿತ್ತು. ಅವಳು ಕರೆಯಲಿಲ್ಲ.

ಒಳಗೆ ಬಂದು ಗೂಡಿನಿಂದ ಪೋಸ್ಟ್‌ಕಾರ್ಡು ತೆಗೆದಳು. ಪೈಪಿನ ಕೆಳಗೆ ಸೇರಿಸಿ ತುದಿಯಿಂದ ಬುಡಕ್ಕೆ ಎಳೆದಳು. ಎಲ್ಲೂ ತಡೆಯದೆ ಓಡಿತು. ಮತ್ತೊಮ್ಮೆ ಎಳೆದಳು.

“ಕಾಂತಾಬಾಯಿ, ಇದ್ದೀರೇನ್ರಿ?” ಅಂತ ಹೊರಗಿನಿಂದ ಯಾರೋ ಕೂಗಿದರು. “ಮಂಚದ ಕಾಲು ಅಳ್ಳಾಡ್ತದ, ಒಂದು ಮೊಳಿ ಹೊಡದು ಹೋಗ್ರಿ.”

ಕಾರ್ಡನ್ನು ಗೂಡಿಗೆ ಇಟ್ಟು, ಸುತ್ತಿಗೆ ಹಿಡಿದು ಹೊರಟಳು.